ಮರುದನಿ ಬಳಗ

ಜೂನ್ ಹತ್ತು, ಮಂಗಳವಾರ, ಬೆಳಗ್ಗೆ ಹತ್ತೂಕಾಲು. ತೂಬಗೆರೆ ಕಡೆಯ ಚಿಕ್ಕಬೀರಪ್ಪ ದೊಡ್ಡಬಳ್ಳಾಪುರದ ಠಾಣೆಗೆ ಬಂದಾಗ ಅವನ ಕೈಯಲ್ಲಿ ಅರ್ಜಿ ಇರಲಿಲ್ಲ, ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ ಇತ್ತು. ಅದನ್ನು ಸಬ್ ಇನ್ಸ್‌ಪೆಕ್ಟರ್ ಫರೀದಾಳ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಒಳಗೆ ಇನ್ಸುಲಿನ್ ಸೀಸೆ ಮತ್ತು ಸೂಜಿಗಳಿದ್ದವು.

“ನಮ್ಮನೆಯೋಳು ನೆನ್ನೆ ಬೆಳಗ್ಗೆ ಹೋದೋಳು ಬಂದಿಲ್ಲ ಮೇಡಮ್ನೋರೆ. ಇದ್ನ ಬಿಟ್ಟು ಹೋಗವ್ಳೆ. ಬಿಸ್ಲಿಗೆ ಕೆಟ್ಟೋದಾತು ಅಂತ ಬಟ್ಟೆ ಸುತ್ಕೊಂಡು ತಂದೆ.”

“ಕೂತ್ಕೊಳ್ಳಿ. ಅವರ ಹೆಸರು?”

“ಪಾಪಕ್ಕ.”

“ವಯಸ್ಸು?”

“ಐವತ್ತೈದಿರಬೋದು. ಆಧಾರ್‌ನಾಗೆ ಅರವತ್ತೈತೆ.”

“ಮನೇಲಿ ಜಗಳ ಏನಾದ್ರೂ ಆಗಿತ್ತಾ?”

“ಜಗಳ ಆಡೋಕೆ ಮಾತಾದ್ರೂ ಆಡ್ಬೇಕಲ್ಲ. ನಾನು ಪಂಚಾಯಿತಿ ವಾಟರ್‌ಮ್ಯಾನು, ನೀರು ಬಿಡೋಕೆ ಹೋದ್ರೆ ಕತ್ಲಾಗೇ ಮನೆಗೆ ಬರೋದು.”

“ಎಲ್ಲಿಗೆ ಹೋಗಿರಬಹುದು?”

“ಮಗನ ಹತ್ರ.”

“ಮಗ ಎಲ್ಲಿದ್ದಾನೆ?”

“ಸತ್ತೋಗವ್ನೆ.”

ಪಕ್ಕದ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಶ್ರೀಧರ್ ಪೆನ್ನು ಎತ್ತಿದ. ಚಿಕ್ಕಬೀರಪ್ಪ ಇಬ್ಬರ ಮುಖವನ್ನೂ ನೋಡಿ, ತನ್ನನ್ನು ಹುಚ್ಚ ಅಂದುಕೊಂಡಾರು ಎಂದು ಗಾಬರಿಯಾಗಿ, ಇರುವುದನ್ನೆಲ್ಲ ಒಂದೇ ಸಮ ಹೇಳಿದ. ಮಗ ಮನೋಹರ್ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದವನು. ಹೋದ ದೀಪಾವಳಿ ಕಳೆದ ಮೇಲೆ ಬೈಕು ಲಾರಿಗೆ ಸಿಕ್ಕಿ ತೀರಿಕೊಂಡ. ಎರಡು ತಿಂಗಳಿಂದ ಪಾಪಕ್ಕನ ಫೋನಿಗೆ ಅವನ ಧ್ವನಿ ಬರುತ್ತಿದೆ. ದಿನಾ ಬರುತ್ತದೆ. ಅವಳು ಹಿತ್ತಲಲ್ಲಿ ಕೂತು ಮಾತಾಡುತ್ತಾಳೆ. ಹೋದ ವಾರ ಅದೇ ಧ್ವನಿ ತನಗೂ ಬಂತು.

“ಅದು ಇದೆಯಾ?”

ಅವನು ಫೋನು ತೆಗೆದು ಒತ್ತಿದ. ಯುವಕನೊಬ್ಬನ ದನಿ, ಸ್ಪಷ್ಟವಾಗಿ, ಅವಸರವಿಲ್ಲದೆ ಕೇಳಿಸಿತು.

“ಅಣ್ಣ, ನಾನು ಕಣಣ್ಣ. ಹೆದ್ರುಕೋಬೇಡ. ಅತ್ಗೆ ದಿನಾ ನನ್ ಜೊತೆ ಮಾತಾಡ್ತಾಳೆ. ನೀನ್ಯಾಕೆ ಮಾತಾಡಲ್ಲ? ಗುರುವಾರದ ಕೂಟಕ್ಕೆ ನೀನೂ ಬಾ.”

ಕೆಳಗೆ ‘ಮರುದನಿ ಬಳಗ’ ಎಂದು ಬರೆದ ಒಂದು ಲಿಂಕ್ ಇತ್ತು.

“ಅಣ್ಣ ಯಾರು, ಅತ್ತಿಗೆ ಯಾರು?” ಫರೀದಾ ಕೇಳಿದಳು.

“ಅಣ್ಣ ನಾನೇಯ. ಅತ್ಗೆ ಅಂದ್ರೆ ಅವ್ರವ್ವ. ಮೊದ್ಲು ಎಲ್ಲಾ ಒಟ್ಗೇ ಇದ್ವಿ. ನನ್ ತಮ್ಮಂದ್ರು ಅಣ್ಣ, ಅತ್ಗೆ ಅಂತ ಕರೀತಿದ್ರು. ಮಗಾನೂ ಅದ್ನೇ ಕೇಳ್ಕಂಡು ಕಲ್ತ.”

ಹೆಂಗಸು ಕಾಣೆ ಎಂದು ಯಾರಾದರೂ ಬಂದರೆ ‘ತವರಿಗೆ ಹೋಗಿರ್ತಾಳೆ, ಎರಡು ದಿನ ನೋಡಿ ಬನ್ನಿ’ ಎಂದು ಸಾಗಹಾಕುವ ಚಾಳಿ ಕೆಲವರಿಗೆ ರಕ್ತದಲ್ಲೇ ಇರುತ್ತದೆ. ಫರೀದಾ ಹೊಸಕೋಟೆಯವಳು, ಈ ಚಾಳಿಯನ್ನು ಕಂಡರೆ ಉರಿದು ಬೀಳುವವಳು. ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಫೋನು ಮಾಡಿದಳು. ಇನ್ಸುಲಿನ್ ಬಿಟ್ಟರೆ ಎಷ್ಟು ಹೊತ್ತು ಬದುಕಬಹುದು ಎಂದು ಕೇಳಿದ್ದಕ್ಕೆ ವೈದ್ಯರು, ಎರಡು ದಿನ, ಗಟ್ಟಿ ಜೀವವಾದರೆ ಮೂರು ದಿನ, ಆಮೇಲೆ ನಮ್ಮ ಕೈಯಲ್ಲಿ ಇರುವುದಿಲ್ಲ ಎಂದರು. ಒಂದು ದಿನ ಆಗಲೇ ಕಳೆದಿತ್ತು. ಹನ್ನೊಂದು ಗಂಟೆಗೆಲ್ಲ ಎಫ್‌ಐಆರ್ ದಾಖಲಾಯಿತು. ಡಬ್ಬಿ ಠಾಣೆಯ ಫ್ರಿಜ್ಜಿಗೆ ಹೋಯಿತು.

ಪಾಪಕ್ಕನ ಫೋನು ಸೋಮವಾರ ಬೆಳಗ್ಗೆ ದೊಡ್ಡಬಳ್ಳಾಪುರ ಬಸ್ ನಿಲ್ದಾಣದ ಟವರಿನಲ್ಲಿ ಕಾಣಿಸಿಕೊಂಡು ಅಲ್ಲೇ ಆರಿಹೋಗಿತ್ತು. ಅಂದರೆ ಅವಳು ಊರೊಳಗೇ ಇರಬಹುದು, ಇಲ್ಲವೆ ಅಲ್ಲಿಂದ ಬಸ್ಸು ಹತ್ತಿ ಎಲ್ಲಿಗೋ ಹೋಗಿರಬಹುದು. ನಿಲ್ದಾಣದ ಕ್ಯಾಮೆರಾದಲ್ಲಿ ಅವಳು ಬಸ್ಸಿನಿಂದ ಇಳಿದದ್ದು ಸಿಕ್ಕಿತು, ಬೇರೆ ಬಸ್ಸು ಹತ್ತಿದ್ದು ಸಿಗಲಿಲ್ಲ. ಹಿಂದಿನ ಗೇಟಿನ ಕ್ಯಾಮೆರಾ ಕೆಟ್ಟು ಯಾವ ಕಾಲವಾಗಿತ್ತೋ.

ಶ್ರೀಧರ್ ಅಷ್ಟರಲ್ಲಿ ಬಳಗದ ಫೇಸ್‌ಬುಕ್ ಪುಟ ಹುಡುಕಿ ತೆಗೆದಿದ್ದ. ಅದರಲ್ಲಿ ದೇವರ ಚಿತ್ರವಿಲ್ಲ, ಗುರುವಿನ ಚಿತ್ರವಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಒಂದು ದೀಪ, ಕೆಳಗೆ ‘ನಿಮ್ಮವರು ಎಲ್ಲಿಗೂ ಹೋಗಿಲ್ಲ’ ಎಂಬ ಸಾಲು. ಸೇರಬೇಕಾದವರು ಆನ್‌ಲೈನ್ ಅರ್ಜಿಯಲ್ಲಿ ಸತ್ತವರ ಹೆಸರು, ನಂಟು, ಆಧಾರ್ ಪ್ರತಿ ಕೊಟ್ಟು, ಸತ್ತವರು ಮಾತಾಡಿರುವ ವಿಡಿಯೋ ಇದ್ದರೆ ಹಾಕಬೇಕು. ಸೇರಿಸಿಕೊಂಡವರಿಗೆ ವಾಟ್ಸಾಪ್ ಗುಂಪು, ಗುರುವಾರ ಸಂಜೆ ವಿಡಿಯೋ ಕೂಟ. ಬಲಿತ ಭಕ್ತರಿಗೆ ಇನ್ನೊಂದು ಕೂಟ ಉಂಟು, ಅದು ಎಲ್ಲಿ ಅಂತ ಪುಟದಲ್ಲಿ ಇರಲಿಲ್ಲ.

“ಎಐ ಮೇಡಂ,” ಎಂದ ಶ್ರೀಧರ್. “ಹತ್ತು ನಿಮಿಷದ ದನಿ ಸಿಕ್ಕಿದ್ರೆ ಸಾಕು, ಯಾರ ಬಾಯಲ್ಲಿ ಏನು ಬೇಕಾದ್ರೂ ಹೇಳಿಸ್ತಾರೆ.”

“ಪಾಪಕ್ಕ ಮಗನ ವಿಡಿಯೋ ಹಾಕಿದ್ರಾ?”

ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿಕ್ಕಬೀರಪ್ಪನನ್ನು ಕೇಳಿದರೆ, ಅವಳಿಗೆ ಫೋನು ಎತ್ತಿ ಮಾತಾಡಲು ಬರುತ್ತದೆ, ಕಳಿಸಲು ಗೊತ್ತಿಲ್ಲ ಎಂದ. ಅವಳು ಏನೂ ಕೊಟ್ಟಿರಲಿಲ್ಲ. ಧ್ವನಿಯೇ ಹುಡುಕಿಕೊಂಡು ಬಂದಿತ್ತು. ಅದಕ್ಕೇ ನಂಬಿದಳು ಎಂದೂ ಹೇಳಿದ.

ಧ್ವನಿ ಬರುತ್ತಿದ್ದ ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ಮಧ್ಯಾಹ್ನ ಮೂರಕ್ಕೆ ಗೊತ್ತಾಯಿತು. ಅಮ್ಮಯಮ್ಮ, ಊರಾಚೆಯ ಹೊಸ ಬಡಾವಣೆ. ಫರೀದಾ ಶ್ರೀಧರನನ್ನು ಕರೆದುಕೊಂಡು ಜೀಪು ತೆಗೆಸಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಇವತ್ತೇ ಮುಗಿಯಿತು ಎಂಬ ಉಮೇದಿನಲ್ಲಿದ್ದಳು. ಮನೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಎಪ್ಪತ್ತರ ಹೆಂಗಸೊಬ್ಬಳು ಹೂವಿನ ಚೌಕಟ್ಟಿನೊಳಗೆ ನಗುತ್ತಿದ್ದಳು. ‘ಭಾವಪೂರ್ಣ ಶ್ರದ್ಧಾಂಜಲಿ, ಶ್ರೀಮತಿ ಅಮ್ಮಯಮ್ಮ’ ಎಂದು ಬರೆದಿತ್ತು.

“ಅತ್ತೆ ಹೋಗಿ ಮೂರು ವಾರ ಆಯ್ತು,” ಎಂದಳು ಬಾಗಿಲು ತೆಗೆದ ಸೊಸೆ ಅಕ್ಷತ.

“ಹೇಗೆ ಹೋದ್ರು?”

“ಬಿಪಿ ಜಾಸ್ತಿ ಆಗಿ. ವಯಸ್ಸಾಗಿತ್ತಲ್ಲ ಅಂತ ಎಲ್ರೂ ಅಂದ್ರು.”

“ಮಾತ್ರೆ ತಗೋತಿದ್ರಾ?”

ಅಕ್ಷತ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅತ್ತೆಯ ಹಾಸಿಗೆ ಕೆಳಗೆ ಒಡೆಯದ ಮಾತ್ರೆಯ ಪಟ್ಟಿಗಳು ಸಿಕ್ಕಿದ್ದವು. ಗಂಡನಿಗೂ ಹೇಳಿರಲಿಲ್ಲ, ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂದಾರು ಎಂಬ ಭಯ. ಇಬ್ಬರನ್ನೂ ಒಳಗೆ ಕೂರಿಸಿ, ಅತ್ತೆಯ ಫೋನು ತಂದು ಕೊಟ್ಟಳು. ಮರುದನಿ ಬಳಗದ ಗುಂಪು ಅದರಲ್ಲಿ ಇನ್ನೂ ಇತ್ತು. ಅಮ್ಮಯಮ್ಮ ತನ್ನ ಯಜಮಾನರ ಧ್ವನಿಗಾಗಿ ಸೇರಿದ್ದಳು. ಸೇರುವಾಗ ಕೊಟ್ಟ ಆಧಾರ್‌ನಲ್ಲಿ ಯಾರೋ ಸಿಮ್ ತೆಗೆದಿದ್ದರು. ಅವಳು ಸತ್ತ ಹದಿಮೂರನೇ ದಿನ ಗುಂಪಿಗೆ ಅವಳದೇ ಧ್ವನಿಯಲ್ಲಿ ಒಂದು ಸಂದೇಶ ಬಂದಿತ್ತು.

“ನಾನು ಅಮ್ಮಯಮ್ಮ ಕಣ್ರಮ್ಮ. ಇಲ್ಲಿ ನೋವಿಲ್ಲ, ಮಂಡಿ ಹಿಡಿಯಲ್ಲ. ಹೆದರಿಕೆ ಇಟ್ಕೊಂಡೋರಿಗೆ ದನಿ ಕೇಳಲ್ಲ. ಔಷಧಿ ಅನ್ನೋದೆಲ್ಲ ಹೆದರಿಕೆ. ಪಾಪಕ್ಕ, ನೀನು ಬಾ, ನಿನ್ ಮಗ ಇಲ್ಲೇ ನನ್ ಪಕ್ಕದಲ್ಲಿ ಕೂತವ್ನೆ.”

ಅಕ್ಷತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫರೀದಾಗೆ ಮೈ ಉರಿಯಿತು. ಸತ್ತ ಮುದುಕಿಯನ್ನು ದಲ್ಲಾಳಿ ಮಾಡಿ ಬದುಕಿರುವವಳನ್ನು ಕರೆಸಿಕೊಳ್ಳುವುದು ಎಂದರೆ ಎಂಥ ಎದೆಗಾರಿಕೆ ಇರಬೇಕು. ಫೋನನ್ನು ಜಪ್ತಿ ಮಾಡಿ, ಅಲ್ಲೇ ಪಂಚನಾಮೆ ಬರೆಸಿ, ಠಾಣೆಗೆ ವಾಪಸಾದಳು.

ಬುಧವಾರ ಬೆಳಗ್ಗೆ ಠಾಣೆಯ ಮುಂದೆ ಜನ ಸೇರಿದರು. ಹೆಂಗಸರೇ ಹೆಚ್ಚು. ಅಕ್ಷತಳ ಅತ್ತೆಯ ಫೋನು ಜಪ್ತಿಯಾದ ಸುದ್ದಿ ಗುಂಪಿಗೆ ಹೇಗೋ ಮುಟ್ಟಿತ್ತು. ಊರಿನ ಸುದ್ದಿ ಪುಟವೊಂದು ‘ನಂಬಿಕೆಯ ಮೇಲೆ ಪೊಲೀಸ್ ದಾಳಿ’ ಎಂದು ಹಾಕಿ, ಅಧಿಕಾರಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿತ್ತು. ಫರೀದಾ ಎಂಬ ಹೆಸರನ್ನು ಅಷ್ಟು ದಪ್ಪವಾಗಿ ಬರೆದದ್ದು ಯಾಕೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಟೋಪಿ ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು.

ಮುಂದಿದ್ದ ಹೆಂಗಸೊಬ್ಬಳು ಕೇಳಿದಳು. “ನಮ್ ಸತ್ತೋರ ಹತ್ರ ನಾವು ಮಾತಾಡಿದ್ರೆ ನಿನಗೇನಮ್ಮ ಕಷ್ಟ? ನಿಮ್ಮೋರು ಗೋರಿ ಹತ್ರ ಹೋಗಿ ಮಾತಾಡಲ್ವಾ?”

“ಮಾತಾಡ್ತೀವಿ. ನಮ್ಮಪ್ಪನ ಗೋರಿ ಹತ್ರ ನಾನೂ ಮಾತಾಡ್ತೀನಿ. ಅದು ವಾಪಸ್ ಮಾತಾಡಿ ಇನ್ಸುಲಿನ್ ಬಿಡು ಅಂತ ಯಾರಿಗಾದ್ರೂ ಹೇಳಿದ್ರೆ, ಗೋರಿ ಮೇಲೂ ಕೇಸ್ ಹಾಕ್ತೀನಿ.”

ಹಿಂದೆ ಯಾರೋ ನಕ್ಕರು. ಆ ಹೆಂಗಸು ನಗಲಿಲ್ಲ.

“ನಮ್ ಇಷ್ಟ ನಮ್ದು.”

“ನಿಮ್ಮಿಷ್ಟವೇ. ಪಾಪಕ್ಕ ಎಲ್ಲವ್ರೆ ಅಂತ ಯಾರಿಗೆ ಗೊತ್ತು? ಗೊತ್ತಿದ್ದೋರು ಒಬ್ರು ಹೇಳಿ, ಆಮೇಲೆ ಬೇಕಾದ್ರೆ ಸಂಜೆವರೆಗೂ ನನ್ನ ಬೈಕೊಂಡು ಕೂತ್ಕೊಳ್ಳಿ, ಟೀ ನಾನೇ ತರಿಸ್ತೀನಿ.”

ಇಬ್ಬರು ಹೆಂಗಸರು ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟರು. ಉಳಿದವರೂ ಕದಲಲಿಲ್ಲ. ಫರೀದಾ ಒಳಗೆ ಬರುವಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು.

“ಸೂಕ್ಷ್ಮ ವಿಷಯ ಫರೀದಾ. ತನಿಖೆ ಬೇರೆಯವರಿಗೆ ಕೊಡೋಣ್ವಾ? ನಿಮಗೂ ತಲೆನೋವು ತಪ್ಪುತ್ತೆ.”

“ಕೊಡಿ ಸರ್. ನಾಳೆ ಕೊಡಿ, ಇವತ್ತು ಬೇಡ.”

“ಯಾಕೆ?”

“ಬೇರೆಯವರು ಫೈಲ್ ಓದೋ ಹೊತ್ತಿಗೆ ಆಯಮ್ಮ ಸತ್ತಿರ್ತಾರೆ. ಆಗ ಅದು ಇನ್ನೂ ಸೂಕ್ಷ್ಮ ಆಗುತ್ತೆ ಸರ್.”

“ಸಂಜೆವರೆಗೆ ನೋಡಿ,” ಎಂದು ಫೋನು ಇಟ್ಟರು.

ಸಂಜೆವರೆಗೆ ಎಂದರು ಸರಿ, ನೋಡುವುದು ಎಲ್ಲಿ? ಸೈಬರ್ ವಿಭಾಗದವರಿಗೆ ಬರೆದದ್ದಾಗಿತ್ತು. ಫೇಸ್‌ಬುಕ್‌ನಿಂದ ಉತ್ತರ ಬರಲು ದಿನಗಟ್ಟಲೆ ಬೇಕು. ಧ್ವನಿ ಬರುತ್ತಿದ್ದ ಆ ಸಿಮ್ ಕೂಡ ಬಸ್ ನಿಲ್ದಾಣದ ಟವರಿನದೇ. ಆ ಟವರಿನ ಕೆಳಗೆ ಅರ್ಧ ಊರೇ ಇದೆ, ಸೀರೆ ನೇಯುವ ಮಗ್ಗದ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮನೆಮನೆ ತಟ್ಟುತ್ತ ಹೋದರೆ ವಾರ ಬೇಕು. ಫರೀದಾ ಬೇರೇನೂ ತೋಚದೆ ಚಿಕ್ಕಬೀರಪ್ಪನನ್ನು ಒಳಗೆ ಕರೆದು ಆ ಧ್ವನಿಯನ್ನೇ ಮತ್ತೆ ಹಾಕಿದಳು. ಹಿಂದಿನ ದಿನದಿಂದ ಅವನು ಮನೆಗೆ ಹೋಗಿರಲಿಲ್ಲ.

“ನಿಮ್ಮ ಮಗ ಹೀಗೇ ಕರೀತಿದ್ದನಾ? ಅಣ್ಣ, ಅತ್ಗೆ ಅಂತ?”

“ಹೂಂ. ಮನೆನಾಗೆ.”

“ಹೊರಗಡೆ?”

“ಹೊರ್ಗಡೆ ಕರೀತಿರ್ಲಿಲ್ಲ. ಫ್ಯಾಕ್ಟ್ರಿ ಹುಡುಗ್ರು ಆಡ್ಕಂತಾರೆ ಅಂತ ನಾಲ್ಕು ಜನದ್ ಮುಂದೆ ಅಪ್ಪ, ಅಮ್ಮ ಅಂತಿದ್ದ. ಬೋ ನಾಚ್ಕೆ ಅವ್ನಿಗೆ.”

ಫರೀದಾ ಕುರ್ಚಿಯಿಂದ ಮುಂದಕ್ಕೆ ಬಂದಳು. “ಹಾಗಾದ್ರೆ ಅವನು ಹಾಗೆ ಕರೀತಾನೆ ಅಂತ ಹೊರಗಿನವರಿಗೆ ಗೊತ್ತಿರಲ್ಲ.”

“ಎಂಗ್ ಗೊತ್ತಾಯ್ತದೆ?”

“ಮನೆಯೊಳಗೆ ಬಂದು, ಅವನು ಹಾಗೆ ಮಾತಾಡಿದ್ದನ್ನ ರೆಕಾರ್ಡ್ ಮಾಡಿಕೊಂಡವರು ಯಾರು?”

“ಅವ್ನು ಫೋಟೋಕ್ಕೇ ನಿಲ್ತಿರ್ಲಿಲ್ಲ ಮೇಡಮ್ನೋರೆ.”

“ಯೋಚನೆ ಮಾಡಿ. ಹಬ್ಬ, ಮದುವೆ, ಏನಾದ್ರೂ.”

ಚಿಕ್ಕಬೀರಪ್ಪ ಬೆರಳು ಮಡಚಿ ವರ್ಷ ಲೆಕ್ಕ ಹಾಕಿದ. ಆಮೇಲೆ ನಿಧಾನವಾಗಿ ಹೇಳಿದ. ಮೂರು ವರ್ಷದ ಹಿಂದೆ ತಮ್ಮನ ಮಗಳ ಮದುವೆ. ಚಪ್ಪರದ ದಿನ ವಿಡಿಯೋದವರು ಮನೆಗೆ ಬಂದಿದ್ದರು, ಗಂಡ ಹೆಂಡತಿ. ಗಂಡ ಶಾಸ್ತ್ರದ ಹತ್ತಿರ ನಿಂತಿದ್ದ. “ದಿವ್ಯ ಅಂತ, ಆಯಮ್ಮ ಮಾತ್ರ ಅಡಿಗೆ ಮಾಡೋ ತಾವೇ ಕ್ಯಾಮೆರಾ ಇಟ್ಕೊಂಡು ಕೂತಿದ್ಲು. ನಮ್ ಹುಡ್ಗ ಬಡಿಸೋಕೆ ಓಡಾಡ್ತಿದ್ದ. ಅತ್ಗೆ ಸಾರು ಕೊಡು, ಅಣ್ಣ ಎಲೆ ಹಾಕು ಅಂತ ಅವತ್ತೆಲ್ಲಾ ಅವ್ನದೇ ಗಂಟ್ಲು. ಮದ್ವೆ ಸೀಡಿನಾಗೆ ಅದೊಂದೂ ಬರ್ಲಿಲ್ಲ, ಬರೇ ಹಾಡು ಹಾಕಿದ್ರು.”

ಶ್ರೀಧರ್ ಆಗಲೇ ಅಕ್ಷತಳಿಗೆ ಫೋನು ಹಚ್ಚಿದ್ದ. ನಿಮ್ಮ ಹೊಸ ಮನೆಯ ಗೃಹಪ್ರವೇಶದ ವಿಡಿಯೋ ಯಾರು ಮಾಡಿದ್ದು ಎಂದು ಕೇಳಿ, ಹೆಸರು ಕೇಳಿಸಿಕೊಂಡು, ಫರೀದಾ ಕಡೆ ತಲೆಯಾಡಿಸಿದ. ಎರಡೂ ಮನೆಗೆ ಬಂದದ್ದು ಒಂದೇ ಸ್ಟುಡಿಯೊ. ಬಸ್ ನಿಲ್ದಾಣದ ಹಿಂದಿನ ಮಗ್ಗದ ಬೀದಿಯಲ್ಲಿತ್ತು.

ಹನ್ನೆರಡೂವರೆಗೆ ಜೀಪು ಅಲ್ಲಿ ನಿಂತಿತು. ಬೀದಿ ತುಂಬ ಮಗ್ಗಗಳ ಸದ್ದು, ಪಕ್ಕದವರಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿಟ್ಟು ಕೂಗಬೇಕು. ಸ್ಟುಡಿಯೊ ಒಳಗೆ ಫ್ಲೆಕ್ಸ್ ಮುದ್ರಿಸುವ ಯಂತ್ರ ಓಡುತ್ತಿತ್ತು. ಮತ್ತೊಬ್ಬ ಸತ್ತವನ ಮುಖ ಹಣೆಯಿಂದ ಆರಂಭಿಸಿ ನಿಧಾನವಾಗಿ ಹೊರಬರುತ್ತಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದ ಹೆಂಗಸಿಗೆ ಮೂವತ್ತೆರಡಿರಬಹುದು. ಹಣೆಯಲ್ಲಿ ಕಾಸಗಲ ಕುಂಕುಮ, ಎರಡೂ ಕೈಗೆ ಮೊಣಕೈವರೆಗೆ ಹಸಿರು ಗಾಜಿನ ಬಳೆ. ಅವಳ ಹಿಂದಿನ ಗೋಡೆಯಲ್ಲಿ ಕ್ಯಾಮೆರಾ ಹಿಡಿದ ಗಂಡಸಿನ ಫೋಟೋಗೆ ಹಾರ ಹಾಕಿತ್ತು.

“ದಿವ್ಯ ನೀವೇನಾ?”

“ಹೌದು. ಕೂತ್ಕೊಳ್ಳಿ.”

“ಮರುದನಿ ಬಳಗ ಯಾರದು?”

“ಸತ್ತವರದು.”

“ಅಡ್ಮಿನ್ ಯಾರು?”

“ನಾನೇ.”

ಶ್ರೀಧರ್‌ಗೆ ಇದು ಇಷ್ಟು ಸಲೀಸಾಗಿ ಬಂದದ್ದು ನಂಬಿಕೆಯಾಗಲಿಲ್ಲ. ಫರೀದಾ ಮುಂದುವರಿಸಿದಳು.

“ಮನೋಹರನ ದನಿ ಎಲ್ಲಿಂದ ಬಂತು?”

“ಅಷ್ಟು ಹುಡುಕಿಕೊಂಡು ಬಂದಿದ್ದೀರ, ನಿಮಗೇ ಗೊತ್ತಿರಬೇಕು.”

“ಚಪ್ಪರದ ದಿನದ ವಿಡಿಯೋ. ಅವನು ಅಣ್ಣ, ಅತ್ಗೆ ಅಂತ ಕರೀತಿದ್ದದ್ದು ಮನೆಯೊಳಗೆ ಮಾತ್ರ. ಹೊರಗಿನವರಲ್ಲಿ ಅದನ್ನ ಕೇಳಿಸಿಕೊಂಡಿದ್ದು ನಿಮ್ಮ ಕ್ಯಾಮೆರಾ ಒಂದೇ.”

ದಿವ್ಯ ಮೊದಲ ಸಲ ಫರೀದಾಳ ಮುಖವನ್ನು ಸರಿಯಾಗಿ ನೋಡಿದಳು. “ಎಲ್ಲರ ಮುಂದೆಯೂ ಹಾಗೇ ಕರೀತಾನೆ ಅಂದುಕೊಂಡಿದ್ದೆ,” ಎಂದಳು. ತಪ್ಪು ಲೆಕ್ಕ ಹಾಕಿದೆನಲ್ಲ ಎಂಬ ಬೇಸರವಷ್ಟೇ ಆ ಮಾತಿನಲ್ಲಿತ್ತು.

“ಪಾಪಕ್ಕ ಎಲ್ಲಿ?”

“ಅವರಿಗೆ ಬೇಕಾದ ಕಡೆ ಇದ್ದಾರೆ. ಅವರೇನು ಚಿಕ್ಕ ಹುಡುಗಿಯಾ? ಒಪ್ಪಿ ಬಂದಿದ್ದಾರೆ.”

“ಎಚ್ಚರ ಇದೆಯಾ?”

ದಿವ್ಯಳ ಕಣ್ಣು ಒಂದು ಗಳಿಗೆ ಹಿಂದಿನ ಬಾಗಿಲ ಕಡೆ ಹೋಗಿ ಬಂತು. ಫರೀದಾಗೆ ಅಷ್ಟು ಸಾಕಾಯಿತು. ಎದುರಂಗಡಿಯ ಟೈಲರ್ ಒಬ್ಬರನ್ನೂ ಪಕ್ಕದ ಮಗ್ಗದ ಮಾಲೀಕರನ್ನೂ ಪಂಚರಾಗಿ ಕರೆದು, ಶ್ರೀಧರ್ ಕೈಯಲ್ಲಿ ಶೋಧನೆಯ ವಿಡಿಯೋ ಚಾಲೂ ಮಾಡಿಸಿದಳು. ದಿವ್ಯ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ಒಳಗೆ ಹೋಗಬೇಡಿ. ಅದು ಪೂಜೆ ನಡೆಯೋ ಜಾಗ. ನೀವು ಕಾಲಿಡೋ ಜಾಗ ಅಲ್ಲ.”

“ನಾನು ಕಾಲಿಡಬಾರದ ಜಾಗ ಈ ತಾಲ್ಲೂಕಿನಲ್ಲಿ ಯಾವುದೂ ಇಲ್ಲ. ಸರ್ಕಾರ ಬರೆದು ಕೊಟ್ಟಿದೆ. ಪಕ್ಕಕ್ಕೆ ಸರೀರಿ.”

ಬಾಗಿಲಾಚೆ ಮಗ್ಗ ಕಿತ್ತ ಹಳೆಯ ಶೆಡ್ಡು. ಕಿಟಕಿಗಳಿಗೆ ಕಪ್ಪು ಫ್ಲೆಕ್ಸ್ ಬಡಿದಿತ್ತು. ಸುತ್ತ ಗೋಡೆಗೆ ಸತ್ತವರ ಮುಖಗಳು, ಅವುಗಳ ಕೆಳಗೆ ಒಂದೊಂದು ಚಾಪೆ, ನಡುವೆ ದೀಪ. ಮೂಲೆಯ ಸ್ಪೀಕರಿನಿಂದ ಮನೋಹರನ ಧ್ವನಿ ಸಣ್ಣಗೆ ಏನೋ ಹೇಳುತ್ತಲೇ ಇತ್ತು. ಅದರ ಮುಂದಿನ ಚಾಪೆಯಲ್ಲಿ ಪಾಪಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ಉಸಿರು ಜೋರಾಗಿ ಎಳೆಯುತ್ತಿತ್ತು, ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಕರೆದರೆ ಕಣ್ಣು ತೆರೆಯಲಿಲ್ಲ.

ಆಂಬ್ಯುಲೆನ್ಸ್ ಬರಲು ಇಪ್ಪತ್ತು ನಿಮಿಷ ಎಂದರು. ಫರೀದಾ ಕಾಯಲಿಲ್ಲ. ತಾನೇ ತೋಳಿಗೆ ಕೈ ಕೊಟ್ಟು, ಟೈಲರ್ ಕಾಲು ಹಿಡಿದು, ಜೀಪಿನ ಹಿಂದಿನ ಸೀಟಿಗೆ ಮಲಗಿಸಿದರು. ಶ್ರೀಧರನನ್ನು ದಿವ್ಯಳ ಕಾವಲಿಗೆ ಬಿಟ್ಟು, ಮಹಿಳಾ ಸಿಬ್ಬಂದಿ ಕಳಿಸಲು ಠಾಣೆಗೆ ತಿಳಿಸಿ, ತಾನು ಪಾಪಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದಳು. ದಾರಿಯಲ್ಲಿ ಅವಳ ಬಾಯಿಂದ ಅಮ್ಮಿ ಕಲಿಸಿದ ದುವಾ ತಾನಾಗಿಯೇ ಬಂತು. ಇದನ್ನು ಯಾರಾದರೂ ವಿಡಿಯೋ ಮಾಡಿ ಹಾಕಿದರೆ ಹಾಕಿಕೊಳ್ಳಲಿ ಎಂದುಕೊಂಡು ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ವೈದ್ಯರು ಒಂದು ಗಂಟೆಯ ಮೇಲೆ ಹೊರಬಂದು, ಇನ್ನೊಂದು ರಾತ್ರಿ ಕಳೆದಿದ್ದರೆ ನೀವು ಶವ ತರುತ್ತಿದ್ದಿರಿ ಎಂದರು. ಉಳಿಯುತ್ತಾರಾ ಎಂದರೆ, ನಾಳೆ ಹೇಳುತ್ತೇನೆ ಎಂದರು.

ಸ್ಟುಡಿಯೊದ ಪಂಚನಾಮೆ ಮುಗಿಯುವಾಗ ಸಂಜೆಯಾಗಿತ್ತು. ಮದುವೆ, ನಾಮಕರಣ, ಗೃಹಪ್ರವೇಶಗಳ ಕತ್ತರಿಸದ ವಿಡಿಯೋಗಳು ಹಾರ್ಡ್ ಡಿಸ್ಕ್‌ಗಳಲ್ಲಿ ಊರಿನ ಹೆಸರು ಬರೆದು ಜೋಡಿಸಿದ್ದವು. ಚಪ್ಪರದ ದಿನದ್ದು ಸಿಕ್ಕಿತು. ಧ್ವನಿ ತಯಾರಿಸುವ, ಆ ಧ್ವನಿಯಲ್ಲೇ ಫೋನಿನಲ್ಲಿ ಮಾತಿಗೆ ಮಾತು ಕೊಡುವ ಜಾಲತಾಣದ ಖಾತೆ ಕಂಪ್ಯೂಟರಿನಲ್ಲೇ ತೆರೆದಿತ್ತು. ಬೇರೊಬ್ಬರ ಸೋಗಿನಲ್ಲಿ ವಂಚನೆ, ಜೀವಕ್ಕೆ ಅಪಾಯ ಒಡ್ಡಿದ್ದು, ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮುಗಳು ಎಫ್‌ಐಆರ್‌ಗೆ ಸೇರಿದವು. ಅಮ್ಮಯಮ್ಮನ ಸಾವಿನ ಬಗ್ಗೆ ಬೇರೆ ಪ್ರಕರಣ ದಾಖಲಾಯಿತು. ಸಂಜೆ ಆರಕ್ಕೆ ದಿವ್ಯಳನ್ನು ಬಂಧಿಸಿರುವುದಾಗಿ ಅವಳ ಅಣ್ಣನಿಗೆ ತಿಳಿಸಿದರು. ನಮಗೂ ಅವಳಿಗೂ ಸಂಬಂಧವಿಲ್ಲ ಎಂದು ಅವನು ಫೋನು ಇಟ್ಟ.

ವಿಚಾರಣೆಯಲ್ಲಿ ಅವಳು ತಲೆ ತಗ್ಗಿಸಲಿಲ್ಲ.

“ಯಾರು ಸತ್ತರು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?”

“ಫ್ಲೆಕ್ಸಿಗೆ ಫೋಟೋ ಕೊಡೋಕೆ ನನ್ನ ಹತ್ತಿರ ಬರ್ತಾರೆ. ಹೆಣ ಎತ್ತೋದಕ್ಕೆ ಮುಂಚೆ ಬರ್ತಾರೆ. ಮನೆಯವರ ನಂಬರ್ ಅವರೇ ಕೊಡ್ತಾರೆ. ತಿಥಿ ಕಳೆಯೋವರೆಗೂ ಕಾಯ್ತಿದ್ದೆ. ಆಮೇಲೆ ಅವರ ಫೋನಿಗೆ ಬಳಗದ ಲಿಂಕ್ ಹೋಗ್ತಿತ್ತು. ವಿಡಿಯೋ ನನ್ನ ಹತ್ತಿರವೇ ಇದ್ದರೆ ಧ್ವನಿ ಹೋಗ್ತಿತ್ತು.”

“ದುಡ್ಡು?”

“ಒಂದು ರೂಪಾಯಿ ಮುಟ್ಟಿಲ್ಲ. ಎಷ್ಟು ಬೇಕಾದ್ರೂ ಹುಡುಕಿ.”

“ಮತ್ತೆ ಯಾಕೆ?”

ದಿವ್ಯ ಬಳೆಗಳನ್ನು ಮೇಲಕ್ಕೆ ತಳ್ಳಿಕೊಂಡಳು. ಗಂಡನೂ ತಾನೂ ಸೇರಿ ಈ ತಾಲ್ಲೂಕಿನ ಅರ್ಧ ಮದುವೆಗಳನ್ನು ಚಿತ್ರೀಕರಿಸಿದ್ದರು. ಎರಡು ವರ್ಷದ ಕೆಳಗೆ ಗಂಡ ಹೃದಯಾಘಾತದಿಂದ ಹೋದ. ತಿಂಗಳು ಕಳೆದು ಕ್ಯಾಮೆರಾ ಎತ್ತಿಕೊಂಡು ಒಪ್ಪಿದ್ದ ಮದುವೆಗೆ ಹೋದರೆ, ಬಾಗಿಲಲ್ಲೇ ತಡೆದು, ಮುಹೂರ್ತಕ್ಕೆ ನೀನು ಬೇಡಮ್ಮ, ಬೇರೆ ಯಾರನ್ನಾದರೂ ಕಳಿಸು ಎಂದರು. ಆಮೇಲೆ ಯಾರೂ ಕರೆಯಲಿಲ್ಲ. ನಾಮಕರಣಕ್ಕೆ ಬೇಡ, ಗೃಹಪ್ರವೇಶಕ್ಕೆ ಬೇಡ. ಸಾವಿನ ಫ್ಲೆಕ್ಸಿಗೆ ಮಾತ್ರ ಅವಳು ಬೇಕು, ಅದನ್ನು ಮಾಡಲು ಮುಂಡೆಯಾದರೇನು ಎಂದು. ಮೊದಲು ಗಂಡನ ಧ್ವನಿಯನ್ನು ತನಗಾಗಿ ಮಾಡಿಕೊಂಡಿದ್ದಳು. ಒಂದು ದಿನ ಫ್ಲೆಕ್ಸ್ ಮಾಡಿಸಲು ಬಂದು ಬಿಕ್ಕಿ ಅತ್ತ ಹೆಂಗಸಿಗೆ ಅವಳ ಮಗಳ ಧ್ವನಿ ಮಾಡಿ ಕೇಳಿಸಿದಳು. ಆ ಹೆಂಗಸು ಕಾಲಿಗೆ ಬಿದ್ದಳು.

“ಬೆಳಗ್ಗೆ ಎದುರಿಗೆ ಸಿಕ್ಕರೆ ಮುಖ ತಿರುಗಿಸಿ ಹೋಗ್ತಿದ್ದವಳು ಮೇಡಂ ಅವಳು. ಆಮೇಲೆ ಎಲ್ಲರೂ ಬಂದರು. ಮದುವೆ ಮನೆ ಬಾಗಿಲಲ್ಲಿ ನನ್ನ ನಿಲ್ಲಿಸಿದವರು ನನ್ನ ಶೆಡ್ಡಿನ ಬಾಗಿಲಲ್ಲಿ ಕಾದು ನಿಂತರು. ನಾನು ಕುಂಕುಮ ಇಟ್ಟೆ, ಬಳೆ ತೊಟ್ಟೆ. ಒಬ್ಬರು ಉಸಿರೆತ್ತಲಿಲ್ಲ. ಅವರ ದೇವರು ಕೊಡದ್ದನ್ನ ನಾನು ಕೊಟ್ಟೆ. ಬರೆದುಕೊಳ್ಳಿ.”

“ಮಾತ್ರೆ ಬಿಡಿ ಅಂದದ್ದು?”

“ಹೆದರಿಕೆ ಇದ್ದರೆ ದನಿ ಬರಲ್ಲ ಅಂತ ಒಂದು ಗುರುವಾರ ಬಾಯಿಗೆ ಬಂದಿದ್ದು ಹೇಳಿದೆ. ಅಮ್ಮಯಮ್ಮ ಪಾಲಿಸಿಬಿಟ್ಟರು. ಹೋದರು. ಆಮೇಲೆ ಅದು ಸುಳ್ಳು ಅಂದರೆ ಉಳಿದದ್ದೆಲ್ಲ ಸುಳ್ಳಾಗ್ತಿತ್ತು.”

“ಅದಕ್ಕೆ ಪಾಪಕ್ಕನ್ನೂ ಕಳಿಸೋಕೆ ಹೊರಟ್ರಿ.”

“ಅವರು ಬಂದರು. ನಾನು ಎಳೆದುಕೊಂಡು ಬರಲಿಲ್ಲ.”

“ತಪ್ಪು ಅನ್ನಿಸಲ್ವಾ?”

“ಇಲ್ಲ,” ಎಂದಳು ದಿವ್ಯ. ಅಮ್ಮಯಮ್ಮನ ಫೋಟೋ ಮುಂದೆ ಇಟ್ಟಾಗ ಮಾತ್ರ ಕಿಟಕಿ ಕಡೆ ತಿರುಗಿಕೊಂಡಳು, ಅದನ್ನು ತೆಗೆಯುವವರೆಗೂ ಈ ಕಡೆ ನೋಡಲಿಲ್ಲ. ಆಮೇಲೆ ಹೇಳಿಕೆಯನ್ನು ಓದಿ, ಎರಡು ಕಡೆ ತಿದ್ದಿಸಿ, ಸಹಿ ಹಾಕಿದಳು. ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಪರಪ್ಪನ ಅಗ್ರಹಾರಕ್ಕೆ ಕಳಿಸಿದರು.

ಶನಿವಾರ ಪಾಪಕ್ಕನಿಗೆ ಮಾತಾಡುವ ಶಕ್ತಿ ಬಂತು. ಫರೀದಾ ಶ್ರೀಧರನನ್ನು ಕರೆದುಕೊಂಡು ಹೇಳಿಕೆ ಪಡೆಯಲು ವಾರ್ಡಿಗೆ ಹೋದಳು. ಪಾಪಕ್ಕ ದಿಂಬಿಗೆ ಒರಗಿ ಕೂತಿದ್ದಳು, ಕೈಗೆ ಡ್ರಿಪ್ಪು. ಚಿಕ್ಕಬೀರಪ್ಪ ಬಾಗಿಲ ಬಳಿ ಟಿಫನ್ ಕ್ಯಾರಿಯರ್ ಹಿಡಿದು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ.

“ನನ್ ಫೋನು ಕೊಡ್ರವ್ವ,” ಎಂದಳು ಪಾಪಕ್ಕ ಮೊದಲಿಗೇ.

“ಅದು ಕೋರ್ಟಿಗೆ ಹೋಗಿದೆ.” ಫರೀದಾ ಸ್ಟೂಲು ಎಳೆದು ಹತ್ತಿರ ಕೂತಳು. ಇದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. “ಪಾಪಕ್ಕಾ, ಅದು ನಿಮ್ಮ ಮಗನ ದನಿ ಅಲ್ಲ. ಕಂಪ್ಯೂಟರ್‌ನಲ್ಲಿ ಮಾಡಿದ್ದು.”

“ಗೊತ್ತು.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಹೆತ್ತೋಳು ನಾನು. ಮೊದಲ್ನೇ ದಿನಾನೇ ಗೊತ್ತಾಯ್ತು.”

ಶ್ರೀಧರ್ ಫರೀದಾಳ ಮುಖ ನೋಡಿದ.

“ಹೇಗೆ ಗೊತ್ತಾಯ್ತು?”

“ನನ್ ಮಗ ಒಳ್ಳೇವ್ನೇ. ಕುಡೀತಿರ್ಲಿಲ್ಲ, ಸಂಬ್ಳ ತಂದು ಕೈಗಿಡ್ತಿದ್ದ. ಆದ್ರೆ ಹುಟ್ಟಿದಾಗ್ಲಿಂದ ಒಂದಿನ, ಕಾಲು ಯಾಕೆ ಊದ್ಕೊಂಡೈತೆ ಅಂತ ನನ್ನ ಕೇಳ್ದೋನಲ್ಲ. ಇದು ಕೇಳ್ತು.” ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು, ದನಿ ಮಾತ್ರ ತಗ್ಗಿಸಲಿಲ್ಲ. “ದಿನಾ ಕೇಳ್ತು. ನೀರು ಹೊತ್ತಿದ್ಯಾ, ಸೊಂಟ ಹೆಂಗೈತೆ, ನೆನ್ನೆ ನಿದ್ದೆ ಬಂತಾ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಆ ಮನೆನಾಗೆ ಮೂವತ್ತು ವರ್ಸ ಇದ್ದೀನಿ, ಯಾರು ಕೇಳವ್ರೆ?”

“ಗೊತ್ತಿದ್ದೂ ಸೂಜಿ ಬಿಟ್ರಾ? ಸಾಯ್ತಿದ್ರಿ ಪಾಪಕ್ಕಾ.”

“ದಿನಾ ವಿಚಾರಿಸ್ಕೊಳ್ಳೋರು ಒಂದು ಮಾತು ಹೇಳಿದ್ರೆ ಕೇಳ್ಬೇಕಲ್ವಾ ಮೇಡಮ್ನೋರೆ?” ಎಂದಳು ಪಾಪಕ್ಕ. “ಹಂಗೇ ಬರ್ಕೊಳ್ಳಿ. ಏನೂ ತಿದ್ಬೇಡಿ.”

ಶ್ರೀಧರ್ ಹಾಗೆಯೇ ಬರೆದುಕೊಂಡ.